ಆಸ್ಪತ್ರೆ ಕಟ್ಟಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಬೆಂಕಿ, ಗಾಳಿ, ನೀರು, ಕರೆಂಟು

ನರ್ಸಿಂಗ್ ಹೋಮ್ ಕಟ್ಟಿಸಲು ಹೊರಟ ಡಾಕ್ಟರುಗಳು, ಊರಿನ ಟ್ರಸ್ಟಿನವರು, ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸದಸ್ಯರು, ಹೊಸದಾಗಿ ಕೆಲಸಕ್ಕೆ ಸೇರಿದ ಸಿವಿಲ್ ಎಂಜಿನಿಯರುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ. ಅಲ್ಲಿ ವಿಷಯವೇ ಹಾಗಿದೆ.

ಆಸ್ಪತ್ರೆಗೆ ಇಷ್ಟೊಂದು ನಿಯಮ ಯಾಕೆ? ಲಾಡ್ಜೋ ಆಫೀಸೋ ಕಟ್ಟಿದ ಹಾಗೆ ಕಟ್ಟಿದರೆ ಆಗಲ್ವಾ?

ಆಗಲ್ಲ. ಆಫೀಸಿನಲ್ಲಿ ಫೈರ್ ಅಲಾರಂ ಹೊಡೆದರೆ ಜನ ಎದ್ದು ಓಡುತ್ತಾರೆ. ಆಸ್ಪತ್ರೆಯಲ್ಲಿ ಒಬ್ಬರಿಗೆ ವೆಂಟಿಲೇಟರ್ ಹಾಕಿರುತ್ತದೆ. ಇನ್ನೊಬ್ಬರಿಗೆ ಆಗಷ್ಟೇ ಆಪರೇಷನ್ ಆಗಿರುತ್ತದೆ. ಎರಡು ದಿನದ ಕೂಸು ಮೈ ಬೆಚ್ಚಗಿಡುವ ವಾರ್ಮರ್‌ನಲ್ಲಿ ಮಲಗಿರುತ್ತದೆ. ಇವರು ಯಾರೂ ಓಡಲಾರರು. ಆದ್ದರಿಂದ ರೋಗಿ ಮಲಗಿದ ಕಡೆಯಲ್ಲೇ, ಇಲ್ಲವೇ ಅದೇ ಮಹಡಿಯ ಪಕ್ಕದ ಭಾಗದಲ್ಲಿ, ಕಟ್ಟಡವೇ ಅವರನ್ನು ಕಾಪಾಡಬೇಕು.

ಇನ್ನೊಂದು ಮಾತಿದೆ. ನೆರೆ ಬಂದ ದಿನ, ನೆಲ ನಡುಗಿದ ದಿನ ಆಫೀಸು ಬಾಗಿಲು ಹಾಕಬಹುದು. ಆಸ್ಪತ್ರೆಗೆ ಜಾಸ್ತಿ ಜನ ಬರುವುದೇ ಆವತ್ತು. ಪರಿಸರದ ಪ್ರಶ್ನೆಯನ್ನೂ ನಾನು ಇಲ್ಲಿಂದಲೇ ನೋಡುತ್ತೇನೆ. ಕರೆಂಟು ಹೋದರೂ ಗಾಳಿ ಬೆಳಕು ಇರುವ ವಾರ್ಡು, ಟ್ಯಾಂಕರ್ ಬಾರದಿದ್ದರೂ ನೀರಿರುವ ಸಂಪು, ಡೀಸೆಲ್ ಸಿಗದಿದ್ದರೂ ಉರಿಯುವ ಲೈಟು, ಇವು ವರ್ಷವಿಡೀ ಖರ್ಚು ಉಳಿಸುತ್ತವೆ. ಕಷ್ಟದ ದಿನ ಜೀವ ಉಳಿಸುತ್ತವೆ.

ಬೆಂಕಿ ಬಿದ್ದರೆ ಐಸಿಯು ರೋಗಿಗಳನ್ನು ಕೆಳಗೆ ಇಳಿಸುವುದು ಹೇಗೆ?

ಮೊದಲು ಇಳಿಸುವ ಯೋಚನೆಯನ್ನೇ ಬಿಡಿ, ಪಕ್ಕಕ್ಕೆ ಸರಿಸುವ ಯೋಚನೆ ಮಾಡಿ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಇರುವುದು ಇಬ್ಬರು ಮೂವರು ಸಿಸ್ಟರು, ಒಬ್ಬ ಅಟೆಂಡರು. ಹತ್ತು ರೋಗಿಗಳನ್ನು ಮೂರನೇ ಮಹಡಿಯಿಂದ ಮೆಟ್ಟಿಲ ಮೇಲೆ ಹೊತ್ತು ತರುವುದು ಅವರಿಂದ ಆಗದ ಕೆಲಸ. ಆದರೆ ಚಕ್ರ ಇರುವ ಮಂಚವನ್ನು ಇಪ್ಪತ್ತು ಮೀಟರ್ ಆಚೆ, ಬೆಂಕಿ ತಡೆಯುವ ಬಾಗಿಲಿನ ಇನ್ನೊಂದು ಬದಿಗೆ ತಳ್ಳಬಹುದು.

ಅದಕ್ಕಾಗಿ ಪ್ರತಿ ಮಹಡಿಯನ್ನೂ ಬೆಂಕಿ ಹೊಗೆ ದಾಟದ ಗೋಡೆಯಿಂದ ಕನಿಷ್ಠ ಎರಡು ಭಾಗ ಮಾಡಬೇಕು. ಒಂದು ಕಡೆ ಹೊತ್ತಿಕೊಂಡರೆ ಇನ್ನೊಂದು ಕಡೆ ಎಲ್ಲರಿಗೂ ಜಾಗ ಇರಬೇಕು. ಅಲ್ಲಿ ಆಕ್ಸಿಜನ್ ಪಾಯಿಂಟು, ಪ್ಲಗ್ಗು ಇರಬೇಕು. ಅಲ್ಲಿಂದ ಮೆಟ್ಟಿಲಿಗೆ ಬೇರೆ ದಾರಿ ಇರಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಆಸ್ಪತ್ರೆಯ ಮೆಟ್ಟಿಲು ಕನಿಷ್ಠ 2 ಮೀಟರ್, ರೋಗಿಗಳು ಓಡಾಡುವ ಕಾರಿಡಾರ್ 2.4 ಮೀಟರ್ ಅಗಲ ಇರಬೇಕು. ಇದು ದೊಡ್ಡಸ್ತಿಕೆಗೆ ಹೇಳಿದ ಅಳತೆ ಅಂದುಕೊಳ್ಳಬೇಡಿ. ಎದುರು ಬದುರು ಬರುವ ಎರಡು ಮಂಚ ಒಂದನ್ನೊಂದು ದಾಟಬೇಕು.

ನಕ್ಷೆಯಲ್ಲಿ ಈ ಗೋಡೆ ಸಾಮಾನ್ಯವಾಗಿ ಇರುತ್ತದೆ. ಕೆಡುವುದು ಕಟ್ಟುವಾಗ. ಕಾಂಟ್ರಾಕ್ಟರ್ ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಎಬ್ಬಿಸಿ ನಿಲ್ಲಿಸುತ್ತಾರೆ. ಮೇಲಿನ ಸ್ಲ್ಯಾಬಿನವರೆಗೆ ಉಳಿದ ಎರಡಡಿ ಗ್ಯಾಪಿನಲ್ಲಿ ಹೊಗೆ ನಿರಾಳವಾಗಿ ದಾಟುತ್ತದೆ. ಆಮೇಲೆ ಕೇಬಲ್‌ನವರು ತೂತು ಕೊರೆಯುತ್ತಾರೆ, ಎಸಿಯವರು ಇನ್ನೊಂದು ಕೊರೆಯುತ್ತಾರೆ. ಯಾರೂ ಮುಚ್ಚುವುದಿಲ್ಲ. ಬಿಲ್ ಪಾಸ್ ಮಾಡುವ ಮುಂಚೆ ಏಣಿ ಹಾಕಿಸಿ, ಸೀಲಿಂಗಿನ ಒಂದು ಹಲಗೆ ತೆಗೆಸಿ, ಟಾರ್ಚ್ ಬಿಟ್ಟು ನೋಡಿ. ತೂತುಗಳಿಗೆ ಬೆಂಕಿ ತಡೆಯುವ ಸೀಲಂಟೇ ಬೇಕು. ಸುಮ್ನೆ ಫೋಮ್ ತುಂಬಿದರೆ ಅದೇ ಹೊತ್ತಿಕೊಳ್ಳುತ್ತದೆ.

ಬೆಂಕಿ ಹೆಚ್ಚಾಗಿ ಐಸಿಯುಗಳಲ್ಲೇ ಯಾಕೆ?

2020ರ ಆಗಸ್ಟಿನಲ್ಲಿ ಅಹಮದಾಬಾದ್, 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರ, ಅದೇ ಏಪ್ರಿಲಿನಲ್ಲಿ ಮುಂಬೈ ಹತ್ತಿರದ ವಿರಾರ್, 2024ರ ನವೆಂಬರಿನಲ್ಲಿ ಝಾನ್ಸಿ. ಇವೆಲ್ಲ ಐಸಿಯು ಅಥವಾ ನವಜಾತ ಶಿಶುಗಳ ಘಟಕದಲ್ಲಿ ಆದ ಬೆಂಕಿ. ಭಂಡಾರದಲ್ಲಿ 10 ಕೂಸುಗಳು ಹೋದವು. ಝಾನ್ಸಿಯಲ್ಲಿ ಆ ಒಂದೇ ರಾತ್ರಿ 10 ಕೂಸುಗಳು. ಈ ಸಂಖ್ಯೆಗಳನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದರೆ ಇದನ್ನು ವಿಧಿ ಎಂದು ಬಿಟ್ಟುಬಿಡುವ ಹಾಗಿಲ್ಲ. ಕಾರಣಗಳು ಗೊತ್ತಿರುವಂಥವೇ.

ಐಸಿಯುನಲ್ಲಿ ಮೂರು ಸಂಗತಿ ಒಟ್ಟಿಗೆ ಸೇರುತ್ತವೆ. ಒಂದು, ಯಂತ್ರಗಳು 24 ಗಂಟೆ ಓಡುತ್ತವೆ. ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪ್, ವಾರ್ಮರ್, ಎಸಿ. ವೈರಿಂಗ್ ಹಾಕಿದ್ದು ಆರು ಮಂಚಕ್ಕೆ, ಈಗ ಇರುವುದು ಹನ್ನೆರಡು. ವೈರು ಒಳಗೊಳಗೇ ಕಾಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ಸಡಿಲ ಪಿನ್ನಿನಲ್ಲಿ ಕಿಡಿ ಹಾರುತ್ತದೆ. ಎರಡು, ಆಕ್ಸಿಜನ್. ಮಾಸ್ಕಿನಿಂದ, ಹೈ ಫ್ಲೋ ಯಂತ್ರದಿಂದ ಅದು ಕೋಣೆಗೆ ಸೇರುತ್ತಲೇ ಇರುತ್ತದೆ. ಗಾಳಿಯಲ್ಲಿ ಆಕ್ಸಿಜನ್ ಶೇ 21ರಷ್ಟು. ಅದು ಸ್ವಲ್ಪ ಏರಿದರೂ ಬಟ್ಟೆ, ಪ್ಲಾಸ್ಟಿಕ್, ಕೂದಲು ಎಲ್ಲವೂ ಬೇಗ ಹೊತ್ತಿ ಜೋರಾಗಿ ಉರಿಯುತ್ತವೆ. ಮೂರು, ಮುಚ್ಚಿದ ಕಿಟಕಿ.

ಈ ಮೂರನೆಯದರ ಬಗ್ಗೆ ಮಾತಾಡುವವರು ಕಡಿಮೆ. ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಣಿಸಿ ಮತ್ತೆ ಬಿಡುತ್ತದೆ. ಸೋರಿದ ಆಕ್ಸಿಜನ್ ಅಲ್ಲೇ ಉಳಿಯುತ್ತದೆ, ರೋಗಾಣುವೂ ಅಲ್ಲೇ ಸುತ್ತುತ್ತದೆ, ಬೆಂಕಿ ಬಿದ್ದರೆ ಹೊಗೆಗೆ ದಾರಿ ಇಲ್ಲ. ಐಸಿಯುಗೆ ಹೊರಗಿನ ತಾಜಾ ಗಾಳಿ ಫಿಲ್ಟರ್ ಆಗಿ ಬರಬೇಕು, ಒಳಗಿನದು ಹೊರಗೆ ಹೋಗಬೇಕು. ದುಡ್ಡು ಕಡಿಮೆ ಇದ್ದರೆ ಬೇರೆ ಅಲಂಕಾರ ಬಿಡಿ, ಇದನ್ನು ಬಿಡಬೇಡಿ.

ಜೊತೆಗೆ ಪ್ರತಿ ಮಂಚಕ್ಕೂ ಸಾಕಷ್ಟು ಪ್ಲಗ್ಗು ಗೋಡೆಯಲ್ಲೇ ಕೊಡಿ. ಎಕ್ಸ್‌ಟೆನ್ಷನ್ ಬೋರ್ಡು ಐಸಿಯು ಒಳಗೆ ಬರಲೇಬಾರದು. ಆಕ್ಸಿಜನ್ ಮುಚ್ಚುವ ವಾಲ್ವ್ ಬಾಗಿಲ ಹೊರಗೆ, ಸಿಸ್ಟರ್ ಕೈಗೆ ಸಿಗುವ ಎತ್ತರದಲ್ಲಿ ಇರಲಿ. ಹೊಸ ಯಂತ್ರ ಬಂದಾಗಲೆಲ್ಲ ಎಲೆಕ್ಟ್ರಿಷಿಯನ್ ಲೋಡ್ ಲೆಕ್ಕ ಹಾಕಿ ಸಹಿ ಮಾಡಿದ ಮೇಲಷ್ಟೇ ಅದನ್ನು ಚುಚ್ಚಬೇಕು.

ಎದುರಿಗೆ ಪೂರ್ತಿ ಗಾಜು ಹಾಕಿದರೆ ಕಾರ್ಪೊರೇಟ್ ಲುಕ್ ಬರುತ್ತದೆ. ಏನು ತೊಂದರೆ?

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತಾದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 90 ಜನ ತೀರಿಕೊಂಡರು. ಬೆಂಕಿ ಶುರುವಾಗಿದ್ದು ನೆಲಮಾಳಿಗೆಯಲ್ಲಿ. ಪಾರ್ಕಿಂಗ್‌ಗೆ ಇದ್ದ ಜಾಗದಲ್ಲಿ ಹೊತ್ತಿಕೊಳ್ಳುವ ಸಾಮಾನು ತುಂಬಿದ್ದರು. ಮೇಲಿನ ಮಹಡಿಗಳಿಗೆ ಬೆಂಕಿ ಅಷ್ಟಾಗಿ ತಲುಪಲಿಲ್ಲ, ಹೊಗೆ ತಲುಪಿತು. ಸತ್ತವರಲ್ಲಿ ಹೆಚ್ಚಿನವರು ಉಸಿರುಗಟ್ಟಿ ಸತ್ತರು. ಕಟ್ಟಡದ ಸುತ್ತ ತೆರೆಯಲಾಗದ ಗಾಜು. ರಕ್ಷಿಸಲು ಬಂದವರು ಗಾಜು ಒಡೆದು ಒಳಗೆ ಹೋಗಬೇಕಾಯಿತು.

ಇನ್ನು ದಿನನಿತ್ಯದ ಲೆಕ್ಕ. ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಗಾಜು ಕಲಬುರಗಿಯಂಥ ಊರಲ್ಲಿ ಇಡೀ ಮಧ್ಯಾಹ್ನ ಬಿಸಿಲನ್ನು ಒಳಗೆ ಎಳೆಯುತ್ತದೆ. ಅದನ್ನು ಹೊರಹಾಕಲು ಎಸಿ ದುಡಿಯಬೇಕು, ಬಿಲ್ಲು ನೀವು ಕಟ್ಟಬೇಕು. ಅದೇ ಗೋಡೆಗೆ ಆಳವಾದ ಸಜ್ಜಾ, ಜಾಲಿ, ತೆರೆಯುವ ಕಿಟಕಿ ಕೊಟ್ಟರೆ ಹೊಗೆಗೂ ದಾರಿ, ಗಾಳಿಗೂ ದಾರಿ. ಚೆನ್ನಾಗಿ ಕಾಣುವಂತೆ ಮಾಡುವುದು ಒಳ್ಳೆಯ ಆರ್ಕಿಟೆಕ್ಟ್‌ಗೆ ಕಷ್ಟವಲ್ಲ.

ಸ್ಪ್ರಿಂಕ್ಲರ್ ಹಾಕಿಸಿ ಫೈರ್ ಎನ್‌ಒಸಿ ತಗೊಂಡರೆ ಮುಗೀತಲ್ವಾ?

ಎರಡೂ ಬೇಕು. ಆದರೆ ಅಗ್ನಿಶಾಮಕ ಇಲಾಖೆ ಕೊಡುವ ಎನ್‌ಒಸಿ ಪತ್ರ ಹೇಳುವುದು ತಪಾಸಣೆ ಆದ ದಿನದ ಸ್ಥಿತಿಯನ್ನು. ಮರುದಿನ ಪಂಪಿನ ಸ್ವಿಚ್ ಆಫ್ ಮಾಡಿಟ್ಟರೆ, ಮೆಟ್ಟಿಲ ಕೆಳಗೆ ಹಳೇ ಹಾಸಿಗೆ ಒಟ್ಟಿದರೆ, ಕಳ್ಳರ ಭಯಕ್ಕೆ ಹಿಂದಿನ ಬಾಗಿಲಿಗೆ ಬೀಗ ಜಡಿದರೆ ಆ ಕಾಗದ ಯಾರನ್ನೂ ಉಳಿಸುವುದಿಲ್ಲ. ಬೀಗದ ಬದಲು ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಪ್ಯಾನಿಕ್ ಬಾರ್ ಹಾಕಿಸಿ. ಹೊರಗಿನಿಂದ ಯಾರೂ ಬರಲಾಗದು, ಒಳಗಿನವರಿಗೆ ತಡೆ ಇಲ್ಲ. ಡ್ರಿಲ್ ಮಾಡುವುದಾದರೆ ರಾತ್ರಿ ಪಾಳಿಯವರಿಗೂ ಮಾಡಿಸಿ.

ನಮ್ಮ ಕಡೆ ಭೂಕಂಪ ಆಗಲ್ಲ. ಅದಕ್ಕೂ ಖರ್ಚು ಮಾಡಬೇಕಾ?

1993ರ ಸೆಪ್ಟೆಂಬರ್ 30ರಂದು ಭೂಮಿ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿಯ ಬಗ್ಗೆಯೂ ಹೀಗೇ ಅಂದುಕೊಂಡಿದ್ದರು. ಬೀದರ್, ಕಲಬುರಗಿ ಗಡಿಯಾಚೆಗೆ ಇರುವ ಲಾತೂರಿನ ಆ ಭಾಗ ಆಗಿನ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಆ ಬೆಳಗಿನ ಜಾವ ಸಾವಿರಾರು ಜನ ಸತ್ತರು. 2002ರಲ್ಲಿ ಆ ಒಂದನೇ ವಲಯವನ್ನೇ ತೆಗೆದು ಎರಡಕ್ಕೆ ಸೇರಿಸಿದರು. ದೇಶದಲ್ಲಿ ಅಪಾಯವೇ ಇಲ್ಲದ ಜಾಗ ಅಂತ ಒಂದಿಲ್ಲ ಎಂದು ಒಪ್ಪಿಕೊಂಡ ಹಾಗಾಯಿತು.

ಐಎಸ್ 1893 ಎಂಬ ಭಾರತೀಯ ಮಾನಕದಲ್ಲಿ ಆಸ್ಪತ್ರೆಗೆ ಪ್ರಾಮುಖ್ಯದ ಅಂಶ 1.5. ಅಂದರೆ ಸಾಧಾರಣ ಮನೆಗೆ ಲೆಕ್ಕ ಹಿಡಿಯುವ ಭೂಕಂಪದ ಬಲಕ್ಕಿಂತ ಒಂದೂವರೆ ಪಟ್ಟು ಹಿಡಿದು ವಿನ್ಯಾಸ ಮಾಡಬೇಕು. ಶುರುವಿನಲ್ಲೇ ಮಾಡಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಕಂಬ ತೊಲೆಗೆ ಹೋಗುವ ದುಡ್ಡು ಆಸ್ಪತ್ರೆಯ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಯಂತ್ರ, ಪೈಪು, ಎಸಿ, ವೈರಿಂಗ್, ಒಳಾಂಗಣ.

ಎಲ್ಲರೂ ಮರೆಯುವುದು ಈ ಉಳಿದದ್ದನ್ನೇ. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆಯ ಕಥೆ ನೋಡಿ. 1971ರ ಭೂಕಂಪದಲ್ಲಿ ಹೊಚ್ಚ ಹೊಸ ಕಟ್ಟಡ ಕೆಟ್ಟು ಹೋಯಿತು, ಕೆಡವಬೇಕಾಯಿತು. ಮತ್ತೆ ಬಲವಾಗಿ ಕಟ್ಟಿದರು. 1994ರಲ್ಲಿ ಮತ್ತೆ ಭೂಮಿ ನಡುಗಿತು. ಈ ಸಲ ಕಂಬ ತೊಲೆ ಗಟ್ಟಿಯಾಗಿ ನಿಂತವು. ಆದರೆ ಒಳಗಿನ ನೀರಿನ ಪೈಪುಗಳು ಒಡೆದು ಮಹಡಿಗಳಲ್ಲಿ ನೀರು ತುಂಬಿತು. ಜನ ಗಾಯಗೊಂಡು ಬರುತ್ತಿದ್ದ ಹೊತ್ತಿನಲ್ಲೇ ಒಳಗಿದ್ದ ರೋಗಿಗಳನ್ನು ಬೇರೆ ಕಡೆ ಸಾಗಿಸಬೇಕಾಯಿತು.

ನಮ್ಮಲ್ಲಿ ಕಲಿಯಬೇಕಾದದ್ದು ಗುಜರಾತಿನ ಭುಜ್‌ನಿಂದ. 2001ರ ಜನವರಿ 26ರಂದು ಅಲ್ಲಿನ ಜಿಲ್ಲಾ ಆಸ್ಪತ್ರೆ ರೋಗಿಗಳ ಮೇಲೆಯೇ ಕುಸಿಯಿತು. ಅದರ ಬದಲಿಗೆ ಕಟ್ಟಿದ ಹೊಸ ಆಸ್ಪತ್ರೆಯನ್ನು ನ್ಯೂಜಿಲೆಂಡಿನ ತಂತ್ರಜ್ಞಾನದ ರಬ್ಬರ್ ಮತ್ತು ಸೀಸದ ಬೇರಿಂಗುಗಳ ಮೇಲೆ ಕೂರಿಸಿದ್ದಾರೆ. ನೆಲ ಅಲುಗಿದರೂ ಮೇಲಿನ ಕಟ್ಟಡ ನಿಧಾನವಾಗಿ ತೂಗುತ್ತದೆ, ಒಳಗಿನ ಯಂತ್ರಗಳಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಎರಡು, ಮೂರನೇ ವಲಯದಲ್ಲಿರುವ ಕರ್ನಾಟಕದ ಸಣ್ಣ ಆಸ್ಪತ್ರೆಗೆ ಅಷ್ಟು ಬೇಕಿಲ್ಲ. ಆಕ್ಸಿಜನ್ ಸಿಲಿಂಡರಿಗೆ ಸರಪಳಿ, ಔಷಧಿ ಬೀರುವಿಗೆ ಗೋಡೆಯ ಬೋಲ್ಟು, ಛಾವಣಿಯ ನೀರಿನ ಟ್ಯಾಂಕಿಗೆ ಗಟ್ಟಿ ಪೀಠ, ಪೈಪುಗಳಿಗೆ ಅಡ್ಡ ಆಸರೆ. ಇವಿಷ್ಟನ್ನು ಊರಿನ ವೆಲ್ಡರ್ ಮಾಡಿಕೊಡುತ್ತಾನೆ.

ಜನರೇಟರ್ ಸದ್ದು ಜಾಸ್ತಿ. ಬೇಸ್‌ಮೆಂಟಿನಲ್ಲಿ ಇಡಬಹುದಾ?

ಬೇಡ. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ನೀರು ನುಗ್ಗಿ ಜನರೇಟರ್ ನಿಂತಿತು. ಕರೆಂಟಿಲ್ಲದ ಆ ದಿನಗಳಲ್ಲಿ ಐಸಿಯುನಲ್ಲಿದ್ದ 18 ರೋಗಿಗಳು ತೀರಿಕೊಂಡರು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರುಗಳು ಸುರಕ್ಷಿತವಾಗಿ 13ನೇ ಮಹಡಿಯಲ್ಲಿದ್ದವು. ಡೀಸೆಲ್ ಮೇಲಕ್ಕೆ ಎತ್ತುವ ಪಂಪು ಮಾತ್ರ ನೆಲಮಾಳಿಗೆಯಲ್ಲಿತ್ತು. ಪಂಪು ಮುಳುಗಿತು. ಸಿಬ್ಬಂದಿ ಮತ್ತು ಸೈನಿಕರು ಸಾಲಾಗಿ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಿದರು.

ಹಾಗಾಗಿ ಜನರೇಟರ್ ಒಂದನ್ನೇ ಎತ್ತರದಲ್ಲಿಟ್ಟರೆ ಆಗದು. ಟ್ರಾನ್ಸ್‌ಫಾರ್ಮರ್, ಮುಖ್ಯ ಪ್ಯಾನಲ್, ಡೀಸೆಲ್ ಪಂಪು, ಆಕ್ಸಿಜನ್ ಮ್ಯಾನಿಫೋಲ್ಡ್ (ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಜಾಗ), ವ್ಯಾಕ್ಯೂಮ್ ಪಂಪು, ಎಲ್ಲವೂ ಹಿರಿಯರು ಕಂಡ ದೊಡ್ಡ ನೆರೆಯ ಮಟ್ಟಕ್ಕಿಂತ ಮೇಲೆ ಇರಬೇಕು. ಆ ಮಟ್ಟ ಎಷ್ಟು ಅಂತ ಊರಿನ ಹಳಬರನ್ನು ಕೇಳಿ. ಹಳೇ ಗೋಡೆಗಳ ಮೇಲೆ ನೀರಿನ ಗುರುತೂ ಸಿಗುತ್ತದೆ. ಕೊಡಗು, ಚಿಕ್ಕಮಗಳೂರಿನಂಥ ಕಡೆ ಗುಡ್ಡ ಕಡಿದು ಸೈಟು ಮಾಡುವುದಾದರೆ ಮಣ್ಣು ಪರೀಕ್ಷೆಗೂ ಮುಂಚೆ ಭೂವಿಜ್ಞಾನಿಯೊಬ್ಬರು ಇಳಿಜಾರನ್ನು ನೋಡಲಿ.

ಎಲ್ಲಾ ವಾರ್ಡಿಗೂ ಎಸಿ ಬೇಕಾ? ಎಸಿ ಇದ್ದರೆ ಸೋಂಕು ಕಡಿಮೆ ಅಂತಾರಲ್ಲ?

ಸಾಮಾನ್ಯ ವಾರ್ಡಿನಲ್ಲಿ ಬಹಳ ಸಲ ಉಲ್ಟಾ. ಕ್ಷಯ, ದಡಾರದಂಥ ಗಾಳಿಯಿಂದ ಹರಡುವ ರೋಗಕ್ಕೆ ಬೇಕಾದದ್ದು ಗಾಳಿ ಬದಲಾಗುವುದು, ತಣ್ಣಗಾಗುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸಹಜ ಗಾಳಿಯ ಸಾಮಾನ್ಯ ವಾರ್ಡಿಗೆ ಪ್ರತಿ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊರಗಿನ ಗಾಳಿ ಕೇಳುತ್ತದೆ. ಗಾಳಿಯಿಂದ ಹರಡುವ ರೋಗಿಗಳ ಕೋಣೆಗೆ 160 ಲೀಟರ್.

ಪೆರು ದೇಶದ ಲಿಮಾದಲ್ಲಿ ಆಸ್ಪತ್ರೆ ಕೋಣೆಗಳ ಗಾಳಿಯನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಂಟೆಗೆ 28 ಸಲ ಗಾಳಿ ಬದಲಾಗುತ್ತಿತ್ತು. ಎತ್ತರದ ಚಾವಣಿ, ದೊಡ್ಡ ಕಿಟಕಿಯ ಹಳೇ ಕಟ್ಟಡಗಳಲ್ಲಿ 40 ಸಲ. ಯಂತ್ರದಿಂದ ಗಾಳಿ ಕೊಡುವ ಕೋಣೆಗಳಿಗೆ ಶಿಫಾರಸಾಗಿರುವುದು 12. ಬೆಂಗಳೂರಿನ ವಿಕ್ಟೋರಿಯಾದಂಥ ನಮ್ಮ ಹಳೇ ಆಸ್ಪತ್ರೆಗಳ ಎತ್ತರದ ವಾರ್ಡುಗಳಲ್ಲಿ ನಿಂತವರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ. ಅವಕ್ಕೆ ಸೀಲಿಂಗ್ ಇಳಿಸಿ, ಕಿಟಕಿ ಮುಚ್ಚಿ, ಸ್ಪ್ಲಿಟ್ ಎಸಿ ಹೊಡೆಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ರುವಾಂಡಾದ ಬುಟಾರೊದಲ್ಲಿ 2011ರಲ್ಲಿ ತೆರೆದ ಆಸ್ಪತ್ರೆ ಈ ಹಳೇ ಬುದ್ಧಿಯನ್ನು ಹೊಸ ಲೆಕ್ಕದಲ್ಲಿ ಮಾಡಿ ತೋರಿಸಿದೆ. ರೋಗಿಗಳು ಕಿಕ್ಕಿರಿದು ಕಾಯುವ ಒಳಗಿನ ಕಾರಿಡಾರ್ ಇಲ್ಲ, ಓಡಾಟವೆಲ್ಲ ಹೊರಗಿನ ಜಗಲಿಯಲ್ಲಿ. ಎರಡೂ ಬದಿ ಕಿಟಕಿ, ದೊಡ್ಡ ನಿಧಾನದ ಫ್ಯಾನು, ಮೇಲುಗಡೆ ರೋಗಾಣು ಕೊಲ್ಲುವ ನೇರಳಾತೀತ ದೀಪ. ಗೋಡೆ ಅಲ್ಲಿನದೇ ಜ್ವಾಲಾಮುಖಿ ಕಲ್ಲು, ಕಟ್ಟಿದವರು ಅಲ್ಲಿನದೇ ಗಾರೆಯವರು. ನಮ್ಮ ಕರಾವಳಿಯಲ್ಲಿ ಕೆಂಪು ಕಲ್ಲು, ಬಯಲುಸೀಮೆಯಲ್ಲಿ ಶಹಾಬಾದ್ ಕಲ್ಲು ಸಿಗುವಾಗ ನಾವೂ ಹೀಗೆ ಯೋಚಿಸಬಹುದು, ಅಲ್ವಾ?

ಮಿತಿಯೂ ಇದೆ. ಸೊಳ್ಳೆ ಪರದೆ ಗಾಳಿಯನ್ನು ತಡೆಯುತ್ತದೆ, ಆದ್ದರಿಂದ ಕಿಟಕಿ ಇನ್ನಷ್ಟು ದೊಡ್ಡದು ಬೇಕು. ಟ್ರಾಫಿಕ್ ಹೊಗೆಯ ಮುಖ್ಯರಸ್ತೆಗೆ ಇದು ಹೊಂದದು. ಓಟಿ (ಆಪರೇಷನ್ ಥಿಯೇಟರ್), ಸುಟ್ಟ ಗಾಯದ ಘಟಕ, ರೋಗನಿರೋಧಕ ಶಕ್ತಿ ಕುಗ್ಗಿದವರ ಕೋಣೆ, ಇವಕ್ಕೆ ಫಿಲ್ಟರ್ ಮಾಡಿದ ಯಂತ್ರದ ಗಾಳಿಯೇ ಬೇಕು.

ಓಟಿ ಎಸಿ ರಾತ್ರಿಯೆಲ್ಲ ಓಡಲೇಬೇಕಾ? ಬಿಲ್ಲು ನೋಡಿದರೆ ತಲೆ ತಿರುಗುತ್ತದೆ.

ಪೂರ್ತಿ ನಿಲ್ಲಿಸಬೇಡಿ, ನಿಧಾನ ಮಾಡಿ. ಓಟಿಯ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು, ಅದರಲ್ಲಿ 4 ಸಲದಷ್ಟು ತಾಜಾ ಗಾಳಿ ಇರಬೇಕು ಎನ್ನುತ್ತದೆ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಮಾರ್ಗಸೂಚಿ. ಇದು ಆಪರೇಷನ್ ನಡೆಯುವಾಗಿನ ಲೆಕ್ಕ. ಓಟಿ ಖಾಲಿ ಇರುವಾಗ ಮುಖ್ಯವಾದದ್ದು ಒಂದೇ. ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು, ಕಾರಿಡಾರಿನ ಧೂಳು ಒಳಬರಬಾರದು. ಬ್ಲೋವರ್‌ಗೆ ವೇಗ ಬದಲಿಸುವ ಡ್ರೈವ್ ಹಾಕಿಸಿದರೆ ರಾತ್ರಿ ಕಡಿಮೆ ವೇಗದಲ್ಲೇ ಆ ಒತ್ತಡ ಉಳಿಯುತ್ತದೆ. ಫ್ಯಾನಿನ ವೇಗ ಅರ್ಧ ಮಾಡಿದರೆ ಅದು ತಿನ್ನುವ ಕರೆಂಟು ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗಿಲ ಪಕ್ಕ ಒತ್ತಡದ ಮೀಟರ್ ಇರಲಿ. ಸಿಸ್ಟರ್ ಪ್ರತಿ ಪಾಳಿಯಲ್ಲೂ ನೋಡಿ ಬರೆದಿಡಲಿ.

ಸೋಲಾರ್‌ನಲ್ಲೇ ಆಸ್ಪತ್ರೆ ನಡೆಸಬಹುದಾ?

ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಬಹುಮಟ್ಟಿಗೆ ನಡೆಸಬಹುದು. ಲಸಿಕೆ ಫ್ರಿಡ್ಜು, ಹೆರಿಗೆ ಕೋಣೆಯ ಲೈಟು, ಮಗುವಿನ ವಾರ್ಮರ್, ಲ್ಯಾಬಿನ ಮೈಕ್ರೋಸ್ಕೋಪು. ಬೆಂಗಳೂರಿನ ಸೆಲ್ಕೋ ಫೌಂಡೇಶನ್ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಆರೋಗ್ಯ ಕೇಂದ್ರಗಳಲ್ಲಿ ಈ ಕೆಲಸ ಮಾಡುತ್ತಿದೆ. ಮೊದಲು ಲೋಡ್ ಇಳಿಸಿ, ಆಮೇಲೆ ಪ್ಯಾನಲ್ ಲೆಕ್ಕ ಹಾಕಿ. ಬ್ಯಾಟರಿ ಬದಲಿಸುವ ದುಡ್ಡನ್ನು ಮೊದಲ ದಿನದಿಂದಲೇ ಬೇರೆ ತೆಗೆದಿಡಿ. ಬಹಳ ಕಡೆ ಪ್ಯಾನಲ್ ಸರಿ ಇದ್ದು ಬ್ಯಾಟರಿ ಸತ್ತು ಎಲ್ಲವೂ ನಿಂತಿರುತ್ತದೆ.

ದೊಡ್ಡ ಆಸ್ಪತ್ರೆಗೆ ಛಾವಣಿಯ ಪ್ಯಾನಲ್ ಸಾಲದು. ಅಲ್ಲಿ ಹಗಲಿನ ಒಂದು ಪಾಲು ಕರೆಂಟು, ಸೋಲಾರ್ ಬಿಸಿನೀರು, ಐಸಿಯುಗೆ ಡೀಸೆಲ್ ಬೇಡದ ಬ್ಯಾಟರಿ ಬೆಂಬಲ, ಇಷ್ಟನ್ನು ಗುರಿಯಾಗಿ ಇಟ್ಟುಕೊಳ್ಳಿ.

ನೀರು ಎಷ್ಟು ಬೇಕು?

ಭಾರತೀಯ ಮಾನಕದ ಲೆಕ್ಕದಲ್ಲಿ 100 ಹಾಸಿಗೆವರೆಗಿನ ಆಸ್ಪತ್ರೆಗೆ ಹಾಸಿಗೆಗೆ ದಿನಕ್ಕೆ 340 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 450 ಲೀಟರ್. 50 ಹಾಸಿಗೆ ಅಂದರೆ 17,000 ಲೀಟರ್. ಕನಿಷ್ಠ ಎರಡು ದಿನದ್ದಾದರೂ ಸಂಗ್ರಹ ಇಟ್ಟುಕೊಳ್ಳಿ. ಬೆಂಕಿ ಆರಿಸುವ ನೀರನ್ನು ಬೇರೆ ಬಳಕೆಗೆ ಎಳೆಯಲಾಗದಂತೆ ಪೈಪು ಜೋಡಿಸಿ. ಶುದ್ಧೀಕರಿಸಿದ ಕೊಳಚೆ ನೀರು ಗಿಡಕ್ಕೆ, ಫ್ಲಶ್‌ಗೆ ಆಗುತ್ತದೆ, ಆದರೆ ಅದರ ಪೈಪಿನ ಬಣ್ಣ ಬೇರೆ ಇರಬೇಕು. ಲ್ಯಾಬಿನ ನೀರು ಸಂಸ್ಕರಣೆ ಆಗದೆ ಚರಂಡಿಗೆ ಹೋಗಬಾರದು. ಬಿಸಿನೀರನ್ನು ಟ್ಯಾಂಕಿನಲ್ಲಿ 60 ಡಿಗ್ರಿಯಲ್ಲಿ ಇಡಿ. ಉಗುರುಬೆಚ್ಚಗಿನ, ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ತರುತ್ತದೆ.

ಅರಿವಳಿಕೆ ಗ್ಯಾಸಿಗೂ ಪರಿಸರಕ್ಕೂ ಏನು ಸಂಬಂಧ?

ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಲೆಕ್ಕ ಹಾಕಿದಾಗ ಪೈಪ್‌ಲೈನಿಗೆ ಹಾಕಿದ ಗ್ಯಾಸಿನ ಬಹುಪಾಲು ರೋಗಿಗೆ ತಲುಪದೆ ಸೋರಿಹೋಗುತ್ತಿತ್ತು. ಹೊಸ ಆಸ್ಪತ್ರೆಗೆ ನೈಟ್ರಸ್ ಪೈಪ್‌ಲೈನ್ ಬೇಕೇ ಅಂತ ನಿಮ್ಮ ಅರಿವಳಿಕೆ ಡಾಕ್ಟರನ್ನು ಕೇಳಿ. ಸಣ್ಣ ಸಿಲಿಂಡರ್ ಸಾಕು ಎಂದರೆ ಪೈಪಿನ ದುಡ್ಡೂ ಉಳಿಯಿತು.

ನಮ್ಮದು ಹಳೇ ಕಟ್ಟಡ, ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಬಾಗಿಲು ಮತ್ತು ಮೆಟ್ಟಿಲಿನಿಂದ. ಬೀಗ ತೆಗೆಸಿ, ಸಾಮಾನು ಖಾಲಿ ಮಾಡಿಸಿ. ಇದಕ್ಕೆ ಖರ್ಚಿಲ್ಲ. ಆಮೇಲೆ ಐಸಿಯು ಮತ್ತು ಮಕ್ಕಳ ಘಟಕದ ವೈರಿಂಗ್. ರಾತ್ರಿ ಪೂರ್ತಿ ಲೋಡಿನಲ್ಲಿ ಪ್ಯಾನಲ್‌ಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ನೋಡಿಸಿದರೆ ಬಿಸಿಯಾದ ಜಾಯಿಂಟು ಎದ್ದು ಕಾಣುತ್ತದೆ. ಮೂರನೆಯದು ತೆರೆಯದ ಕಿಟಕಿಗಳು. ತುಕ್ಕು ಹಿಡಿದ ಕೊಂಡಿ ಬದಲಿಸಿ, ಬಣ್ಣ ಮೆತ್ತಿ ಅಂಟಿಕೊಂಡದ್ದನ್ನು ಬಿಡಿಸಿ. ನಾಲ್ಕನೆಯದು ಛಾವಣಿ. ಬಿಳಿ ಬಣ್ಣವೋ ಬಿಳಿ ಟೈಲ್ ಚೂರುಗಳೋ ಹಾಕಿದರೆ ಮೇಲಿನ ಮಹಡಿಯ ಸೆಖೆ ಇಳಿಯುತ್ತದೆ. ಸೋಲಾರ್, ಲಿಫ್ಟು, ಹೊಸ ಮುಂಭಾಗ ಇದೆಲ್ಲ ಆಮೇಲೆ.

ನಾನು ರೋಗಿಯ ಕಡೆಯವ. ನನಗೇನು ಗೊತ್ತಾಗುತ್ತದೆ?

ಬಹಳಷ್ಟು ಗೊತ್ತಾಗುತ್ತದೆ. ಅಡ್ಮಿಟ್ ಆದ ದಿನವೇ ವಾರ್ಡಿನಿಂದ ಎರಡನೇ ಮೆಟ್ಟಿಲು ಎಲ್ಲಿದೆ ಅಂತ ಒಮ್ಮೆ ನಡೆದು ನೋಡಿ. ಅದರ ಬಾಗಿಲನ್ನು ತಳ್ಳಿ, ತೆರೆಯುತ್ತದಾ ನೋಡಿ. ಬೀಗ ಇದ್ದರೆ ಡ್ಯೂಟಿ ಸಿಸ್ಟರ್‌ಗೆ ಹೇಳಿ, ಆಗದಿದ್ದರೆ ಆಡಳಿತದವರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಚದ ಹತ್ತಿರದ ಪ್ಲಗ್ಗು ಮುಟ್ಟಿದರೆ ಬಿಸಿಯಿದೆಯೋ, ಸುಟ್ಟ ವಾಸನೆ ಬರುತ್ತದೆಯೋ ತಕ್ಷಣ ತಿಳಿಸಿ. ಆಕ್ಸಿಜನ್ ಹಾಕಿರುವ ಕಡೆ ಫೋನ್ ಚಾರ್ಜಿಗೆ ಹಾಕಬೇಡಿ, ಊದುಬತ್ತಿ ದೀಪ ಹಚ್ಚಬೇಡಿ. ಬೇರೆಯವರು ಹಚ್ಚುತ್ತಿದ್ದರೆ ಸಮಾಧಾನದಿಂದ ಹೇಳಿ ಆರಿಸಿ.